ರೋಗವು ಹೊಸ್ತಿಲಿಗೆ ಬರುವ ಮುಂಚೆ

ನಮ್ಮಂಥ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದಿದವರೆಲ್ಲರಿಗೂ ಆರೋಗ್ಯಶಾಸ್ತ್ರದ ಪಾಠಗಳು ಜ್ಞಾಪಕದಲ್ಲಿ ಇದ್ದೇ ಇರುವುವು. ಉಗುರುಗಳನ್ನು ಕತ್ತರಿಸಿಕೊಳ್ಳತಕ್ಕದ್ದು, ಕುಡಿಯುವ ನೀರನ್ನು ಕುದಿಸಿ ಆರಿಸತಕ್ಕದ್ದು, ಅನ್ನದ ಪಾತ್ರೆಗೆ ಮುಚ್ಚಳವಿಡತಕ್ಕದ್ದು, ಕೂಸಿಗೆ ಸಕಾಲದಲ್ಲಿ ದೇವಿ ಹಾಕಿಸತಕ್ಕದ್ದು. ಈ ಕಡೆಯ ಪಾಠವು ಇಂದು ಬೇಕಾಗಿಲ್ಲ. ಸಿಡುಬು ಭೂಮಂಡಲದಿಂದಲೇ ತೊಲಗಿತೆಂದು 1980ರಲ್ಲಿ ಸಾರಲಾಯಿತು. ಉಳಿದ ಪಾಠಗಳು ಹಾಗೆಯೇ ನಿಂತಿವೆ. ನಮ್ಮ ಹುಡುಗಿಯರು ತಲೆಮಾರಿನಿಂದ ತಲೆಮಾರಿಗೆ ಅವನ್ನು ಕಲಿತು, ಮನೆಗೆ ಹೋಗಿ ಅಜ್ಜಿಯರೊಡನೆ ವಾದಿಸಿ, ಮದುವೆಯಾದ ಮೇಲೆ ಅತ್ತೆಯರೊಡನೆಯೂ ವಾದಿಸಿ, ತಮ್ಮ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿ ಮುಗಿಸಿದ್ದಾರೆ. ಈ ಸಂಚಿಕೆಯನ್ನು ಓದತಕ್ಕ ಹಿಂದಿನ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ನಾವು ಅರಿಕೆ ಮಾಡಬೇಕಾದದ್ದು ಮಿಕ್ಕ ಪಾಲಿನ ವಿಷಯ. ಪಾತ್ರೆಗೆ ಮುಚ್ಚಳವಿಡುವುದು ಗೃಹಿಣಿಯ ಕೈಯಲ್ಲಿದೆ. ಆದರೆ ಆ ಪಾತ್ರೆಗೆ ನೀರು ಎಲ್ಲಿಂದ ಬರುತ್ತದೆ, ಅದರಲ್ಲಿ ಏನೇನು ಬೆರೆತಿದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನು ಯಾವ ಗೃಹಿಣಿಯೂ ಒಬ್ಬಳೇ ನಿರ್ಣಯಿಸಲಾರಳು. ಅದು ಊರಿನ ಕೆಲಸ, ನಗರಸಭೆಯ ಕೆಲಸ, ಶಾಸನದ ಕೆಲಸ. ನಮ್ಮಲ್ಲಿ ರೋಗನಿರೋಧದ ಉಪದೇಶವೆಲ್ಲವೂ ಮನೆಯ ಹೆಂಗಸಿಗೆ ಸಲ್ಲುತ್ತಿದೆ. ಹೊಣೆ ಹೊರಬೇಕಾದ ಇತರರು ಪಾಠ ಕೇಳದೆಯೇ ಪಾರಾಗುತ್ತಿದ್ದಾರೆ. ಇದು ನ್ಯಾಯವಲ್ಲವೆಂಬುದೇ ಈ ಲೇಖನದ ಮಾತು.

ಇದನ್ನು ವಿಚಾರಮಾಡುವುದಕ್ಕೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಿಗಿಂತ ತಕ್ಕ ಸ್ಥಳವು ಬೇರೆ ಇರಲಾರದು. 2007ರಲ್ಲಿ ಈ ನಾಲ್ಕೂ ಸೇರಿ ಒಂದು ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಾಯಿತು. ಇವುಗಳಲ್ಲಿ ರಾಮನಗರವು, ರೆಸಿಡೆಂಟರಾಗಿದ್ದ ಸರ್ ಬ್ಯಾರಿ ಕ್ಲೋಸರ ಹೆಸರಿನಿಂದ ಕ್ಲೋಸ್‌ಪೇಟೆಯೆಂದು ಕರೆಯಿಸಿಕೊಳ್ಳುತ್ತಿದ್ದ ಕಾಲದಲ್ಲಿಯೇ, ರೋಗ ಬರುವ ಮುಂಚೆ ತಡೆಯುವ ವಿದ್ಯೆಯ ಒಂದು ಪಾಠಶಾಲೆಯಾಗಿತ್ತು. 1930ರ ದಶಕದಲ್ಲಿ ಮೈಸೂರು ಸರ್ಕಾರದವರು ಅಮೇರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಇಲ್ಲಿ ಒಂದು ಹೆಲ್ತ್ ಯೂನಿಟ್ಟನ್ನು ಸ್ಥಾಪಿಸಿದರು. ಹಳ್ಳಿಗಳ ನೈರ್ಮಲ್ಯ, ಬಾಣಂತಿಯರ ಮತ್ತು ಶಿಶುಗಳ ಪೋಷಣೆ, ದೇವಿ ಹಾಕುವುದು, ಸೋಂಕುರೋಗಗಳ ತಡೆ, ಜನನಮರಣಗಳ ಲೆಕ್ಕ, ಈ ಕೆಲಸಗಳನ್ನೆಲ್ಲ ಒಂದೇ ಕಡೆಯಿಂದ ನಡೆಸಿ, ಆ ಕೆಲಸಕ್ಕೆ ಬೇಕಾದವರನ್ನೂ ಅಲ್ಲಿಯೇ ತರಬೇತು ಮಾಡುವುದು ಇದರ ಉದ್ದೇಶ. ಹಾಸಿಗೆಗಳ ಸಾಲಿನಿಂದ ಅಳೆಯತಕ್ಕ ಸಂಸ್ಥೆ ಅದಾಗಿರಲಿಲ್ಲ. ಅದರ ಕೆಲಸವು ಬಾವಿಯ ಕಟ್ಟೆಯಲ್ಲಿ, ಹಿತ್ತಿಲಿನಲ್ಲಿ, ಹೆರಿಗೆಯ ಕೋಣೆಯಲ್ಲಿ ನಡೆಯುತ್ತಿತ್ತು.

ಅಮೇರಿಕದವರಿಗೆ ಈ ಬುದ್ಧಿ ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ಅವರದೇ ದೇಶದ ದಕ್ಷಿಣ ಸಂಸ್ಥಾನಗಳ ಬಡತನದಿಂದ ಬಂದಿತು. ಅಲ್ಲಿನ ಹತ್ತಿಯ ಹೊಲಗಳಲ್ಲಿ ಬರಿಗಾಲಿನಲ್ಲಿ ಓಡಾಡುವ ಮಕ್ಕಳು ಬಿಳಿಚಿಕೊಂಡು, ಬೆಳವಣಿಗೆಯಿಲ್ಲದೆ, ಪಾಠದಲ್ಲಿ ಮನಸ್ಸಿಲ್ಲದೆ ಇರುತ್ತಿದ್ದರು. ಜನರು ಅದನ್ನು ಸೋಮಾರಿತನವೆಂದೇ ತಿಳಿದಿದ್ದರು. ಡಾಕ್ಟರ್ ಚಾರ್ಲ್ಸ್ ಸ್ಟೈಲ್ಸ್ ಎಂಬ ಪ್ರಾಣಿಶಾಸ್ತ್ರಜ್ಞರು ಅದು ಕೊಕ್ಕೆಹುಳದ ಕಾಯಿಲೆಯೆಂದು ತೋರಿಸಿಕೊಟ್ಟಾಗ ಪತ್ರಿಕೆಗಳವರು ‘ಸೋಮಾರಿತನದ ಕ್ರಿಮಿ ಸಿಕ್ಕಿತು’ ಎಂಬುದಾಗಿ ಗೇಲಿ ಮಾಡಿದರಂತೆ. ಆ ಹುಳವು ಮಲದೊಡನೆ ನೆಲಕ್ಕೆ ಬಿದ್ದು, ತೇವದ ಮಣ್ಣಿನಲ್ಲಿ ಮರಿಯಾಗಿ, ಅಂಗಾಲಿನ ಚರ್ಮದ ಮೂಲಕ ಒಳಹೊಕ್ಕು, ಕರುಳನ್ನು ಸೇರಿ ರಕ್ತವನ್ನು ಹೀರುತ್ತದೆ. 1909ರಲ್ಲಿ ಜಾನ್ ಡಿ. ರಾಕ್‌ಫೆಲ್ಲರರು ಹತ್ತು ಲಕ್ಷ ಡಾಲರುಗಳನ್ನು ಕೊಟ್ಟು ಇದರ ನಿರ್ಮೂಲನಕ್ಕೆ ಒಂದು ಮಂಡಲಿಯನ್ನು ಏರ್ಪಡಿಸಿದರು. ಹನ್ನೊಂದು ಸಂಸ್ಥಾನಗಳಲ್ಲಿ ಶಾಲೆಯ ವಯಸ್ಸಿನ ಮಕ್ಕಳನ್ನು ಪರೀಕ್ಷಿಸಿದಾಗ ಸುಮಾರು ನೂರಕ್ಕೆ 40 ಮಂದಿಯಲ್ಲಿ ಹುಳವಿತ್ತು. ಔಷಧವಾಗಿ ಕೊಟ್ಟದ್ದು ಥೈಮಾಲ್. ನಮ್ಮ ಅಡಿಗೆಮನೆಯ ಓಮದ ಸತ್ತ್ವವೇ ಅದು ಎಂಬುದನ್ನು ಕೇಳಿ ನಮ್ಮ ಅಜ್ಜಿಯರು ನಕ್ಕಾರು.

ಆ ಮಂಡಲಿಯ ಮುಖ್ಯಾಧಿಕಾರಿಯಾಗಿದ್ದ ವಿಕ್ಲಿಫ್ ರೋಸರು ವೈದ್ಯರಲ್ಲ, ಉಪಾಧ್ಯಾಯ ವೃತ್ತಿಯವರು. ಔಷಧವನ್ನು ಹಂಚಿಬಿಟ್ಟರೆ ಕೆಲಸ ಮುಗಿಯದೆಂಬುದನ್ನು ಅವರು ಬೇಗನೆ ಕಂಡುಕೊಂಡರು. ಗುಣವಾದ ಮಗುವು ಅದೇ ಹಿತ್ತಿಲಿನ ಅದೇ ಮಣ್ಣನ್ನು ತುಳಿದರೆ ಹುಳವು ಮತ್ತೆ ಬರುತ್ತದೆ. ಕಕ್ಕಸು ಬೇಕು, ಅದನ್ನು ಕಟ್ಟಿಸಲು ನಿಯಮ ಬೇಕು, ನಿಯಮವನ್ನು ನೋಡಿಕೊಳ್ಳಲು ಪ್ರತಿಯೊಂದು ಪ್ರಾಂತದಲ್ಲಿಯೂ ಸಂಬಳ ಪಡೆಯುವ ಆರೋಗ್ಯಾಧಿಕಾರಿ ಬೇಕು. ಆ ಸಂಬಳದಲ್ಲಿ ಒಂದು ಭಾಗವನ್ನು ಸ್ಥಳದ ಜನರೇ ತಮ್ಮ ತೆರಿಗೆಯಿಂದ ಕೊಡಬೇಕು, ದಾನದ ಹಣ ನಿಂತುಹೋದ ದಿನ ಕೆಲಸವೂ ನಿಂತುಹೋಗಬಾರದು ಎಂಬುದು ರೋಸರ ಹಟ. ಈ ಹಟವು ಆ ಹತ್ತು ಲಕ್ಷ ಡಾಲರುಗಳಿಗಿಂತ ಬೆಲೆಯುಳ್ಳದ್ದೆಂದು ನಮಗೆ ತೋರುತ್ತದೆ. 1913ರ ತರುವಾಯ ರಾಕ್‌ಫೆಲ್ಲರ್ ಪ್ರತಿಷ್ಠಾನವು ಈ ಕ್ರಮವನ್ನು ಹೊರದೇಶಗಳಿಗೂ ಒಯ್ದಿತು. ಮೈಸೂರು ಸಂಸ್ಥಾನಕ್ಕೂ ಅದು ಬಂದದ್ದು ಹೀಗೆಯೇ. ಅದರ ಪ್ರತಿನಿಧಿಯಾಗಿ ಬಂದ ಡಾಕ್ಟರ್ ಡಬ್ಲ್ಯು. ಸಿ. ಸ್ವೀಟರೂ ಮೈಸೂರಿನ ಡಾಕ್ಟರ್ ಬಿ. ಎ. ರಾವ್ ಅವರೂ ಕೂಡಿ ಮಲೇರಿಯದ ಸೊಳ್ಳೆಗಳನ್ನು ಪರಿಶೋಧಿಸಿ, 1937ರಲ್ಲಿ ಒಂದು ಬಗೆಗೆ ‘ಮೈಸೊರೆನ್ಸಿಸ್’ ಎಂದೇ ಹೆಸರಿಟ್ಟರು. ಸೊಳ್ಳೆಯ ಮೂಲಕ ನಮ್ಮ ನಾಡಿನ ಹೆಸರು ಪ್ರಾಣಿಶಾಸ್ತ್ರದ ಗ್ರಂಥಗಳನ್ನು ಸೇರಿದ್ದು ಹೆಮ್ಮೆಪಡುವಂಥದೋ ಅಲ್ಲವೋ, ವಾಚಕರೇ ಹೇಳಲಿ.

ಇಂಥ ಪೂರ್ವಚರಿತ್ರೆಯುಳ್ಳ ಊರಿನಲ್ಲಿ ಈಚಿನ ವರ್ಷಗಳಲ್ಲಿ ಆರೋಗ್ಯದ ಹೆಸರಿನಿಂದ ಜನರು ಬೀದಿಗಿಳಿದದ್ದು ಯಾವುದಕ್ಕಾಗಿ? ಮೆಡಿಕಲ್ ಕಾಲೇಜಿಗಾಗಿ. ಕನಕಪುರಕ್ಕೆ ಮಂಜೂರಾಗಿದ್ದ ಕಾಲೇಜನ್ನು 2019ರಲ್ಲಿ ಚಿಕ್ಕಬಳ್ಳಾಪುರಕ್ಕೆ ಕೊಂಡೊಯ್ದಾಗ ದೊಡ್ಡ ಗಲಭೆಯಾಯಿತು. ಕಾಲೇಜು ರಾಮನಗರಕ್ಕೋ ಕನಕಪುರಕ್ಕೋ ಎಂಬ ವಿವಾದದಲ್ಲಿ 2023ರ ಸೆಪ್ಟೆಂಬರಿನಲ್ಲಿ ರಾಮನಗರದವರು ಬಂದ್ ಆಚರಿಸಿದರು. ಆಸ್ಪತ್ರೆ ಬೇಡ, ಕಾಲೇಜು ಬೇಡ ಎಂದು ನಾವು ಹೇಳುವವರಲ್ಲ. ಕಾಡಿನಂಚಿನ ಹಳ್ಳಿಯಿಂದ ಹೆರಿಗೆಯ ನೋವಿನವಳನ್ನು ಬೆಂಗಳೂರಿನವರೆಗೂ ಸಾಗಿಸಬೇಕಾದ ಕಷ್ಟವನ್ನು ಬಲ್ಲವರು ಯಾರೂ ಹಾಗೆನ್ನರು. ಆದರೆ ಬಂದ್ ಆಚರಿಸುವಷ್ಟು ಆಸಕ್ತಿಯು ಕಾಲೇಜಿನ ಕಟ್ಟಡದ ಮೇಲೆ ಹುಟ್ಟುತ್ತದೆ. ಬಾಗಿಲಿಗೆ ಬಂದು ಬಸುರಿಯ ಹೆಸರು ಬರೆದುಕೊಂಡು ಹೋಗುವ ಆಶಾ ಕಾರ್ಯಕರ್ತೆಯ ಸಂಬಳದ ಮೇಲೆ ಹುಟ್ಟುವುದಿಲ್ಲ. 2005ರಲ್ಲಿ ಪ್ರಾರಂಭವಾದ ಗ್ರಾಮೀಣ ಆರೋಗ್ಯ ಯೋಜನೆಯಿಂದ ಬಂದ ಈ ಹೆಂಗಸರು ಕ್ಲೋಸ್‌ಪೇಟೆಯ ಹಳೆಯ ಹೆಲ್ತ್ ವಿಸಿಟರರ ವಾರಸುದಾರರೆನ್ನಬಹುದು. ಇವರನ್ನು ಸರ್ಕಾರದವರು ನೌಕರರೆಂದು ಎಣಿಸುವುದಿಲ್ಲ, ‘ಸ್ವಯಂಸೇವಕಿಯರು’ ಎನ್ನುತ್ತಾರೆ. 2025ರ ಜನವರಿಯ ಚಳಿಯಲ್ಲಿ ರಾಜ್ಯದ ನಾನಾ ಕಡೆಗಳಿಂದ ಬಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತು, ತಿಂಗಳಿಗೆ 10,000 ರೂಪಾಯಿಗೆ ಕಡಮೆಯಾಗದ ಗೌರವಧನದ ಭರವಸೆಯನ್ನು ಇವರು ಪಡೆಯಬೇಕಾಯಿತು. ಆ ದಿನಗಳಲ್ಲಿ ಅವರ ಪರವಾಗಿ ನಮ್ಮ ಯಾವ ಪೇಟೆಯೂ ಬಾಗಿಲು ಮುಚ್ಚಿದ್ದನ್ನು ನಾವು ಕೇಳಲಿಲ್ಲ.

ಇನ್ನು ಸೊಳ್ಳೆಯ ಮಾತು. ಡೆಂಗಿ ಜ್ವರವನ್ನು ತರುವ ಸೊಳ್ಳೆಯು ಚರಂಡಿಯಲ್ಲಿ ಹುಟ್ಟುವುದಲ್ಲ. ತೊಟ್ಟಿ, ಡ್ರಮ್ಮು, ಹೂಕುಂಡದ ತಟ್ಟೆ, ತೆಂಗಿನ ಚಿಪ್ಪು ಮೊದಲಾದವುಗಳಲ್ಲಿ ನಿಂತ ತಿಳಿನೀರಿನಲ್ಲಿ ಹುಟ್ಟುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಡ್ರಮ್ಮನ್ನು ಬರಿದುಮಾಡಿದರೂ ಒಳಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದಕಾರಣ ವಾರಕ್ಕೊಮ್ಮೆ ಉಜ್ಜಿ ತೊಳೆದು ಒಣಗಿಸಬೇಕು. ಇಷ್ಟನ್ನು ಗೃಹಿಣಿಯು ಮಾಡತಕ್ಕದ್ದು, ಸಂಶಯವಿಲ್ಲ. 2024ರಲ್ಲಿ ನಮ್ಮ ರಾಜ್ಯದವರು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಹುಟ್ಟುವುದಕ್ಕೆ ಎಡೆಕೊಟ್ಟ ಮನೆಯವರಿಗೆ ನಗರಗಳಲ್ಲಿ 400 ರೂಪಾಯಿ, ಹಳ್ಳಿಗಳಲ್ಲಿ 200 ರೂಪಾಯಿ ದಂಡವನ್ನು ಗೊತ್ತುಮಾಡಿದರು. ಕೇಳಿದ ಕೂಡಲೇ ಸರಿಯೆಂದು ತೋರುವ ನಿಯಮ. ಆದರೆ ಮನೆಯಲ್ಲಿ ಡ್ರಮ್ಮು ಏಕೆ ಇದೆಯೆಂದು ಒಮ್ಮೆ ಕೇಳಿನೋಡೋಣ. ನಲ್ಲಿಯಲ್ಲಿ ದಿನವೂ ನೀರು ಬರುವ ಮನೆಯಲ್ಲಿ ಯಾರೂ ಚಂದಕ್ಕಾಗಿ ಡ್ರಮ್ಮುಗಳನ್ನು ಸಾಲಾಗಿ ಇಡುವುದಿಲ್ಲ. ಹಲವು ದಿನಕ್ಕೊಮ್ಮೆ, ಅದೂ ಅರ್ಧರಾತ್ರಿಯಲ್ಲಿ ನೀರು ಬಿಡುವ ಬೀದಿಯಲ್ಲಿ, ಸಿಕ್ಕಿದ ಪಾತ್ರೆಗೆಲ್ಲ ಹಿಡಿದಿಡದ ಹೆಂಗಸು ಮರುದಿನ ಮಕ್ಕಳಿಗೆ ಮುಖ ತೊಳೆಸುವುದು ಹೇಗೆ? ನೀರು ಬಿಡಲಾರದ ಸ್ಥಳೀಯ ಸಂಸ್ಥೆಗೆ ದಂಡವಿಲ್ಲ, ನೀರು ಹಿಡಿದಿಟ್ಟವಳಿಗೆ ದಂಡವೆಂಬ ನ್ಯಾಯವನ್ನು ನಾವು ಒಪ್ಪಲಾರೆವು. ದಂಡವಿರಲಿ, ಅದರೊಡನೆ ಇಂತಿಷ್ಟು ದಿನಕ್ಕೊಮ್ಮೆ ನೀರು ಕೊಟ್ಟೇ ತೀರಬೇಕೆಂಬ ಬದ್ಧತೆಯೂ ಅದೇ ಕಾಗದದಲ್ಲಿರಲಿ.

ಅಮೇರಿಕದಲ್ಲಿಯೂ ಇಂಥದೇ ಒಂದು ಅನ್ಯಾಯ ನಡೆದಿದೆ. ಅಲ್ಲಿನದೆಲ್ಲವನ್ನೂ ಹೊಗಳತಕ್ಕದ್ದೆಂದು ಯಾರೂ ಭಾವಿಸಬಾರದು. ಆಲಬಾಮ ಸಂಸ್ಥಾನದ ಲೌನ್ಡ್ಸ್ ಎಂಬ ಪ್ರಾಂತದಲ್ಲಿ ನೆಲವು ನೀರನ್ನು ಇಂಗಿಸಿಕೊಳ್ಳದ ಅಂಟುಮಣ್ಣು. ಅಲ್ಲಿ ಸಾಧಾರಣ ಕಕ್ಕಸಿನ ಗುಂಡಿ ಕೆಲಸಮಾಡುವುದಿಲ್ಲ. ಕೆಲಸಮಾಡತಕ್ಕಂಥದನ್ನು ಕಟ್ಟಿಸಲು ಬಡ ಕರಿಯ ಸಂಸಾರಗಳಿಗೆ ಶಕ್ತಿಯಿಲ್ಲ. ಮಲಿನ ನೀರು ಮನೆಯ ಹಿಂದೆಯೇ ಹರಿದು ನಿಲ್ಲುತ್ತಿತ್ತು. ಸರ್ಕಾರದವರು ಚರಂಡಿ ಕಟ್ಟಿಸುವುದಕ್ಕೆ ಬದಲಾಗಿ ಆ ಮನೆಯವರನ್ನೇ ಅಪರಾಧಿಗಳೆಂದು ದಂಡ ಮತ್ತು ದಸ್ತಗಿರಿಯ ಬೆದರಿಕೆ ಹಾಕುತ್ತಿದ್ದರು. ಒಂದು ಶತಮಾನದ ಹಿಂದೆ ರಾಕ್‌ಫೆಲ್ಲರ್ ಮಂಡಲಿಯವರು ಕೊಕ್ಕೆಹುಳ ಹುಡುಕಿದ ಸಂಸ್ಥಾನಗಳಲ್ಲಿ ಆಲಬಾಮವೂ ಒಂದು ಎಂಬುದನ್ನು ನೆನೆದರೆ ವ್ಯಸನವಾಗುತ್ತದೆ. 2023ರಲ್ಲಿ ಕೇಂದ್ರ ನ್ಯಾಯ ಇಲಾಖೆಯವರು ಮಧ್ಯೆ ಪ್ರವೇಶಿಸಿ, ಶಿಕ್ಷೆಯನ್ನು ನಿಲ್ಲಿಸಿ ಜನರಿಗೆ ಸಹಾಯ ಮಾಡತಕ್ಕದ್ದೆಂದು ಒಡಂಬಡಿಕೆ ಮಾಡಿಸಿದರು. ಆಳುವವರು ಬದಲಾದ ಮೇಲೆ 2025ರ ಏಪ್ರಿಲಿನಲ್ಲಿ ಆ ಒಡಂಬಡಿಕೆಯನ್ನು ಕೊನೆಗಾಣಿಸಲಾಯಿತು. ಕಾಗದದ ಮೇಲೆ ದೊರೆತದ್ದನ್ನು ಕಾಯುತ್ತಿರುವವರಿಲ್ಲದಿದ್ದರೆ ಅದು ಹೀಗೆ ಹೋಗಿಬಿಡುವುದುಂಟು.

ಆದರೆ ನಮ್ಮ ನಾಲ್ಕು ತಾಲ್ಲೂಕುಗಳ ದೊಡ್ಡ ಸಂಕಟವು ಡ್ರಮ್ಮಿನಲ್ಲಿಲ್ಲ, ಹೊಳೆಯಲ್ಲಿದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿಯ ಕಟ್ಟೆಯನ್ನು ದಾಟಿ, ರಾಮನಗರದ ಪೇಟೆಯನ್ನು ಹಾದು, ಕನಕಪುರದ ಮೂಲಕ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. (ಚನ್ನಪಟ್ಟಣದವರು ಕಣ್ವಾ ನದಿಯವರು, ಆದರೆ ಅವರ ಸಂತೆಗೂ ತರಕಾರಿ ಬರುವುದು ನೆರೆಯ ತಾಲ್ಲೂಕುಗಳಿಂದಲೇ.) ಈ ಅರ್ಕಾವತಿಯನ್ನು ಕೂಡಿಕೊಳ್ಳುವ ವೃಷಭಾವತಿಯೆಂಬ ಪುಣ್ಯನಾಮವುಳ್ಳ ಹೊಳೆಯು ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿತೆಂದು ಹಿರಿಯರು ಹೇಳುತ್ತಿದ್ದರು. ಈಗ ಅದು ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನೂ ಪೀಣ್ಯ ಮೊದಲಾದ ಕೈಗಾರಿಕಾ ಪ್ರದೇಶಗಳ ತ್ಯಾಜ್ಯವನ್ನೂ ಹೊತ್ತು ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ಬಂದು ನೊರೆಯಾಗಿ ಬೀಳುತ್ತದೆ. ಆ ಕೆರೆಯನ್ನು ಕಟ್ಟಿದ್ದು ಗದ್ದೆಗಳಿಗೆ ನೀರುಣಿಸಲಿಕ್ಕೆ. ಒಂದು ಕಾಲದಲ್ಲಿ ಅದರ ಕೆಳಗೆ ಭತ್ತ ಬೆಳೆಯುತ್ತಿದ್ದರು. ನೀರು ಕೆಟ್ಟಂತೆಲ್ಲ ಭತ್ತ ಹೋಗಿ, ಹಿಪ್ಪುನೇರಳೆ, ದನದ ಹುಲ್ಲು, ಬೇಬಿ ಕಾರ್ನೆಂಬ ಎಳೆಯ ಜೋಳ ಬಂದವು. ಈ ನೀರಾವರಿಯ ಮಣ್ಣಿನಲ್ಲಿಯೂ ಬೆಳೆಯಲ್ಲಿಯೂ ಭಾರಲೋಹಗಳಿರುವುದನ್ನು ಸಂಶೋಧಕರು ಕಂಡಿದ್ದಾರೆ. ಆ ಗದ್ದೆಯಲ್ಲಿ ಇಳಿದು ಕೆಲಸಮಾಡುವ ಹೆಂಗಸರು ಕಾಲಿನ ತುರಿಕೆಯನ್ನು ಹೇಳಿಕೊಳ್ಳುತ್ತಾರೆ. ಹುಲ್ಲು ತಿಂದ ಹಸುವಿನ ಹಾಲೂ, ಎಳೆಯ ಜೋಳವೂ ಮರಳಿ ಬೆಂಗಳೂರಿಗೇ ಹೋಗುತ್ತವೆ. ತಾನು ಚೆಲ್ಲಿದ್ದನ್ನು ತಾನೇ ಉಣ್ಣುತ್ತಿರುವುದು ಆ ಮಹಾನಗರಕ್ಕೆ ತಿಳಿದಿದೆಯೋ ಇಲ್ಲವೋ.

ಇಲ್ಲಿ ಮನೆಯ ಪಾಠವು ಏನು ಮಾಡೀತು? ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುತ್ತವೆ. ಸೀಸವೂ ಕ್ರೋಮಿಯಮ್ಮೂ ಸಾಯುವುದಿಲ್ಲ. ಬೈರಮಂಗಲದ ಗೃಹಿಣಿಯು ಎಷ್ಟೇ ಶುಚಿಯಾಗಿದ್ದರೂ ಹತ್ತಾರು ಮೈಲಿಯಾಚೆಯ ಅಪರಿಚಿತರ ಕೊಳೆಯಿಂದ ತನ್ನ ಮಕ್ಕಳನ್ನು ಕಾಪಾಡಿಕೊಳ್ಳಲಾರಳು. ನಮ್ಮಲ್ಲಿ ಶಾಸನವಿಲ್ಲವೇ? ಉಂಟು. ಜಲಮಾಲಿನ್ಯ ನಿವಾರಣೆಯ ಶಾಸನವು 1974ರಿಂದ ಇದೆ, ಮಂಡಲಿಯೂ ಇದೆ. ಬೆಂಗಳೂರಿಗೆ 1933ರಿಂದ ಕುಡಿಯುವ ನೀರು ಕೊಟ್ಟ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನು ಉಳಿಸಲು, ಅದರ ಸುತ್ತಣ ನೆಲದಲ್ಲಿ ಏನು ಕಟ್ಟಬಹುದು, ಏನು ಕೂಡದು ಎಂದು 2003ರಲ್ಲಿ ಒಂದು ಒಳ್ಳೆಯ ಆಜ್ಞೆಯೂ ಹೊರಟಿತು. ಆ ಮೇಲೆ ನೀರು ಕೆಟ್ಟು ಸರಬರಾಜೇ ನಿಂತಿತು. 2019ರಲ್ಲಿ ಆ ಆಜ್ಞೆಯ ಕಟ್ಟುಗಳನ್ನೂ ಸಡಿಲಿಸಿದರು. ಹೊಳೆಯನ್ನು ಉಳಿಸಲಿಕ್ಕಾಗದಿದ್ದರೆ ನಿಯಮವನ್ನಾದರೂ ತೆಗೆದುಬಿಡೋಣವೆಂಬುದು ಎಂಥ ರಾಜನೀತಿಯೋ ನಮಗೆ ತಿಳಿಯದು.

ಈ ಸಂಬಂಧದಲ್ಲಿ ಕ್ಲೀವ್‌ಲೆಂಡ್ ನಗರದ ವೃತ್ತಾಂತವನ್ನು ನಮ್ಮ ವಾಚಕರು ಕೇಳತಕ್ಕದ್ದು. ಅಮೇರಿಕದ ಆ ಕೈಗಾರಿಕಾ ಪಟ್ಟಣದ ಕಯಹೋಗಾ ಎಂಬ ನದಿಯು ಎಣ್ಣೆಯಿಂದಲೂ ಕಸದಿಂದಲೂ ತುಂಬಿ, ಅನೇಕ ಸಲ ಹೊತ್ತಿಕೊಂಡು ಉರಿದಿತ್ತು. ಬೆಳ್ಳಂದೂರಿನ ಕೆರೆಯ ಬೆಂಕಿಯನ್ನು ಕಂಡ ಬೆಂಗಳೂರಿನವರು ಇದನ್ನು ನಂಬದಿರಲಾರರು. 1969ರ ಜೂನ್ 22ರಂದು ಮತ್ತೆ ಬೆಂಕಿ ಬಿದ್ದಾಗ ಮೇಯರಾಗಿದ್ದ ಕಾರ್ಲ್ ಸ್ಟೋಕ್ಸರು ಪತ್ರಿಕೆಯವರನ್ನು ನದಿಯ ದಂಡೆಗೆ ಕರೆದುಕೊಂಡು ಹೋಗಿ, ಎಲ್ಲೆಲ್ಲಿ ಯಾರ ಕೊಳವೆ ನದಿಗೆ ಬೀಳುತ್ತದೆಂಬುದನ್ನು ತೋರಿಸಿದರು. ಆ ಬೆಂಕಿಯು ದೇಶಕ್ಕೆಲ್ಲ ಮಾತಾಗಿ, 1972ರಲ್ಲಿ ಜಲಶುದ್ಧಿಯ ದೊಡ್ಡ ಶಾಸನವು ಹುಟ್ಟಿತು. ಅಧ್ಯಕ್ಷ ನಿಕ್ಸನ್ನರು ಅದನ್ನು ತಡೆಹಿಡಿದರೂ ಪ್ರತಿನಿಧಿಗಳು ಅವರ ತಡೆಯನ್ನು ಮೀರಿ ಅಂಗೀಕರಿಸಿದರು. ನಮಗೆ ಇದಕ್ಕಿಂತಲೂ ಮುಖ್ಯವಾಗಿ ಕಾಣುವುದು ಬೆಂಕಿಗೆ ಮುಂಚಿನ ಸಂಗತಿ. 1968ರ ನವೆಂಬರಿನಲ್ಲಿಯೇ ಆ ಊರಿನ ಮತದಾರರು, ನದಿಯ ಶುದ್ಧಿಗಾಗಿ ಹತ್ತು ಕೋಟಿ ಡಾಲರುಗಳ ಸಾಲವನ್ನು ತಮ್ಮ ಮೇಲೆ ಹೊತ್ತುಕೊಳ್ಳಲು ಒಪ್ಪಿ ಮತ ಹಾಕಿದ್ದರು. ಐವತ್ತು ವರ್ಷಗಳ ತರುವಾಯ, 2019ರಲ್ಲಿ, ಆ ನದಿಯ ಮೀನನ್ನು ತಿನ್ನಬಹುದೆಂದು ಅಧಿಕಾರಿಗಳು ಸಾರಿದರು. ಐವತ್ತು ವರ್ಷವೆಂದರೆ ಒಬ್ಬ ಹುಡುಗಿಯು ಶಾಲೆ ಬಿಟ್ಟು ಅಜ್ಜಿಯಾಗುವಷ್ಟು ಕಾಲ. ಈ ದಿನ ಪ್ರಾರಂಭಮಾಡಿದರೆ ನಮ್ಮ ಮೊಮ್ಮಕ್ಕಳಿಗೆ ಅರ್ಕಾವತಿ ದೊರೆತೀತು.

‘ಜನರು ಕೇಳುವುದಿಲ್ಲ, ಅವರಿಗೆ ತಿಳಿವಳಿಕೆಯಿಲ್ಲ’ ಎಂದು ಅಧಿಕಾರಿಗಳು ಹೇಳುವುದುಂಟು. ಇದಕ್ಕೆ ರಾಮನಗರದಲ್ಲಿಯೇ ನಡೆದ ಒಂದು ಪ್ರಯೋಗವನ್ನು ಉತ್ತರವಾಗಿ ಹೇಳಬಹುದು. 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಅಮೇರಿಕದ ಡಾಕ್ಟರ್ ಅಬ್ರಹಾಂ ಸ್ಟೋನರ ಸಲಹೆಯಂತೆ, ದೆಹಲಿಯ ಲೋದಿ ಕಾಲೊನಿಯಲ್ಲಿಯೂ ನಮ್ಮ ರಾಮನಗರದಲ್ಲಿಯೂ ದಿನಗಳ ಲೆಕ್ಕದಿಂದ ಸಂತಾನವನ್ನು ಮಿತಗೊಳಿಸುವ ಕ್ರಮವನ್ನು ಕಲಿಸಿನೋಡಿದರು. ಲೆಕ್ಕ ಬಾರದವರಿಗೆ ಬಣ್ಣಬಣ್ಣದ ಮಣಿಸರ. ದಿನಕ್ಕೊಂದು ಮಣಿಯನ್ನು ಸರಿಸತಕ್ಕದ್ದು. ಪ್ರಯೋಗವು ಫಲಿಸಲಿಲ್ಲ. ಮಣಿಯನ್ನು ಸರಿಸುವವಳು ಹೆಂಗಸಾದರೂ ಮನೆಯಲ್ಲಿ ನಿರ್ಣಯವು ಅವಳ ಕೈಯಲ್ಲಿರಲಿಲ್ಲವೆಂಬುದು ನಮಗೆ ತೋರುವ ಕಾರಣ. ದೂರದಲ್ಲಿ ಕುಳಿತು ಮಾಡಿದ ಯೋಜನೆ ಸೋತಾಗ ಅಜ್ಞಾನವನ್ನು ದೂರುವುದು ಸುಲಭ. ಮೊದಲು ಅವಳನ್ನೇ ಒಂದು ಮಾತು ಕೇಳಿದ್ದರೆ ಆ ಮಣಿಗಳ ಖರ್ಚು ಉಳಿಯುತ್ತಿತ್ತು.

ಒಳ್ಳೆಯ ದೃಷ್ಟಾಂತಗಳು ಇಲ್ಲದೆ ಇಲ್ಲ. ಚನ್ನಪಟ್ಟಣದ ಬೊಂಬೆಯನ್ನೇ ನೋಡಿ. ಹಾಲೆಮರವನ್ನು ತಿರುಗಣಿಯಲ್ಲಿ ಕಡೆದು, ಅರಗಿನ ಬಣ್ಣವನ್ನು ಒತ್ತಿ, ತಾಳೆಯ ಗರಿಯಿಂದ ಉಜ್ಜಿ ಹೊಳಪು ಕೊಡುವ ಈ ಬೊಂಬೆಯನ್ನು ಕೂಸು ಬಾಯಿಗಿಟ್ಟುಕೊಂಡರೂ ತಾಯಿ ಬೆದರಬೇಕಾಗಿಲ್ಲ, ಬಣ್ಣದಲ್ಲಿ ಸೀಸವಿಲ್ಲದಿದ್ದರೆ. ಸೀಸವು ಮಕ್ಕಳ ಬುದ್ಧಿಯನ್ನು ಕುಗ್ಗಿಸುವ ವಿಷ. ಅಮೇರಿಕದವರು 1978ರಲ್ಲಿ ಮನೆಬಣ್ಣಗಳಿಂದ ಅದನ್ನು ನಿಷೇಧಿಸಿದರು. 2007ರಲ್ಲಿ ಹೊರದೇಶದ ಆಟದ ಸಾಮಾನುಗಳಲ್ಲಿ ಸೀಸ ಕಂಡು ಗುಲ್ಲಾದ ಮೇಲೆ 2008ರಲ್ಲಿ ಇನ್ನೂ ಬಿಗಿಯಾದ ಶಾಸನ ಮಾಡಿದರು. ಅಂಥ ದೇಶಗಳಿಗೆ ಬೊಂಬೆ ಕಳುಹಿಸಬೇಕಾದರೆ ಬಣ್ಣವು ಶುದ್ಧವಾಗಿರಲೇಬೇಕು. ಸಸ್ಯಜನ್ಯ ಬಣ್ಣಗಳನ್ನು ಕೈಬಿಡದಿರಲು ನಮ್ಮ ಕುಶಲಕರ್ಮಿಗಳಿಗೆ ಅದೂ ಒಂದು ಕಾರಣವಾಯಿತು. ನಮ್ಮ ದೇಶದಲ್ಲಿ ಮನೆಬಣ್ಣದ ಸೀಸವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಮಿತಗೊಳಿಸಿದ ನಿಯಮವು 2017ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಎಲ್ಲೋ ಬರೆದ ಶಾಸನದ ಒಂದು ಸಾಲು ಚನ್ನಪಟ್ಟಣದ ತಿರುಗಣಿಯವರೆಗೂ ಮುಟ್ಟುತ್ತದೆ.

ರೇಷ್ಮೆಯ ವಿಷಯದಲ್ಲಿಯೂ ಹಾಗೆಯೇ. ರಾಮನಗರದ ಗೂಡಿನ ಮಾರುಕಟ್ಟೆಯ ಖ್ಯಾತಿಯನ್ನು ಎಲ್ಲರೂ ಬಲ್ಲರು. ಕುದಿಯುವ ಬಾನಿಯ ಹಬೆಯಲ್ಲಿ ನೂಲು ತೆಗೆಯುವವರ ಬೆರಳಿನ ಹುಣ್ಣನ್ನೂ ಉಬ್ಬಸವನ್ನೂ ಬಲ್ಲವರು ಕಡಮೆ. ಮೊದಲು ಆ ಬೆರಳುಗಳಲ್ಲಿ ಮಕ್ಕಳವೂ ಇದ್ದವು. 1986ರ ಶಾಸನವಿದ್ದರೂ ಕರ್ನಾಟಕದ ರೇಷ್ಮೆಯ ಕೆಲಸದಲ್ಲಿ ಮಕ್ಕಳ ಜೀತವಿರುವುದನ್ನು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆಯು ವರದಿಮಾಡಿತು. ಹೆಣ್ಣುಮಗುವನ್ನು ಹಬೆಯ ಕೋಣೆಯಿಂದ ಬಿಡಿಸಿ ಶಾಲೆಯ ಬೆಂಚಿನ ಮೇಲೆ ಕೂರಿಸುವುದೂ ರೋಗನಿರೋಧವೇ. ಇದನ್ನು ಇಂಥ ಶಾಲೆಯ ಸಂಚಿಕೆಯಲ್ಲಿ ವಿಸ್ತರಿಸಬೇಕಾಗಿಲ್ಲ.

ಕಡೆಯದಾಗಿ, ಇಂದಿನಿಂದಲೇ ಮಾಡಬಹುದಾದ ಒಂದು ಕೆಲಸ. ನಮ್ಮ ಕಲ್ಲುನೆಲದಲ್ಲಿ ಆಳಕ್ಕೆ ಕೊರೆದ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಮನ್ನು ದಾಟಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಬಹಳ ಹೆಚ್ಚಿದ್ದು ಬಹುಕಾಲ ಕುಡಿದರೆ ಮೂಳೆಯೂ ಬಾಗುತ್ತದೆ. ವಿಚಿತ್ರವೇನೆಂದರೆ ಅಮೇರಿಕದವರು 1945ರಲ್ಲಿ ಗ್ರ್ಯಾಂಡ್ ರ್ಯಾಪಿಡ್ಸ್ ಎಂಬ ಊರಿನಿಂದ ಮೊದಲುಮಾಡಿ, ಹಲ್ಲು ಹುಳಿಯದಿರಲೆಂದು ಇದೇ ಫ್ಲೋರೈಡನ್ನು ಅಳೆದು ನೀರಿಗೆ ಬೆರೆಸಿದರು. ನಮಗೆ ಅದನ್ನು ತೆಗೆಯುವ ಚಿಂತೆ. ಇದನ್ನೂ ಕುದಿಸಿ ಕಳೆಯಲಾಗದು. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಪರೀಕ್ಷಿಸದೆ ತಿಳಿಯದು. ಈಗಿನ ಜಲಜೀವನ ಯೋಜನೆಯಲ್ಲಿ ಪ್ರತಿಯೊಂದು ಹಳ್ಳಿಯಲ್ಲಿಯೂ ಐವರು ಹೆಂಗಸರಿಗೆ ನೀರನ್ನು ಪರೀಕ್ಷಿಸುವ ಪೆಟ್ಟಿಗೆಯ ಬಳಕೆಯನ್ನು ಕಲಿಸತಕ್ಕದ್ದೆಂದಿದೆ. ನಮ್ಮ ಹಿಂದಿನ ವಿದ್ಯಾರ್ಥಿನಿಯರಲ್ಲಿ ಹಳ್ಳಿಗಳಲ್ಲಿ ನೆಲಸಿದವರು ನೂರಾರು ಮಂದಿ ಇರುವರು. ನಿಮ್ಮೂರಿನ ಆ ಐವರು ಯಾರು, ಪೆಟ್ಟಿಗೆ ಎಲ್ಲಿದೆ, ಕಳೆದ ಮಳೆಗಾಲದ ಮುಂಚೆ ಹಾಗೂ ಆಮೇಲೆ ಬಾವಿಯ ನೀರನ್ನು ನೋಡಿದರೇ, ಬಂದ ಅಂಕಿಗಳನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆದರೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿರಿ. ಐವರಿಲ್ಲದಿದ್ದರೆ ನೀವೇ ಒಬ್ಬರಾಗಿರಿ. ಅರ್ಕಾವತಿಯ ದಂಡೆಯವರು ಇಷ್ಟಕ್ಕೆ ತೃಪ್ತರಾಗಬೇಡಿರಿ. ಆ ಪೆಟ್ಟಿಗೆಯಿಂದ ಫ್ಲೋರೈಡೂ ನೈಟ್ರೇಟೂ ತಿಳಿದೀತು, ಸೀಸ ಕ್ರೋಮಿಯಮ್ಮುಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ದೊಡ್ಡ ಪ್ರಯೋಗಶಾಲೆ ಬೇಕು, ಲಿಖಿತ ಅರ್ಜಿ ಬೇಕು, ಅರ್ಜಿಯ ಕೆಳಗೆ ಸಾಕಷ್ಟು ರುಜುಗಳು ಬೇಕು.